ಮನೆಯಲ್ಲಿ ಕಾರು ತೊಳೆಯುವ ಕ್ರಮ: ಎಕ್ಕಂಬಿಯ ಕೆಂಧೂಳನ್ನು ಕುರಿತು ಒಂದು ವಿವೇಚನೆ

ಚರಿತ್ರೆಯ ಅಭ್ಯಾಸಕ್ಕೆ ಮೀಸಲಾದ ಈ ವಾರ್ಷಿಕ ಸಂಚಿಕೆಯಲ್ಲಿ ಕಾರು ತೊಳೆಯುವ ವಿಷಯವನ್ನು ಕಂಡು ವಾಚಕರಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ರಾಜಮನೆತನಗಳ ವಂಶಾವಳಿಯಷ್ಟೇ ಜನಜೀವನದ ನಿತ್ಯದ ರೂಢಿಗಳೂ ಚರಿತ್ರೆಯ ಸಾಮಗ್ರಿ ಎಂಬುದನ್ನು ವಿದ್ವಾಂಸರು ಬಹುಕಾಲದ ಹಿಂದೆಯೇ ಒಪ್ಪಿದ್ದಾರೆ. ಒಂದು ಸೀಮೆಯ ಜನ ತಮ್ಮ ವಾಹನವನ್ನು ಯಾವಾಗ, ಎಲ್ಲಿ, ಎಷ್ಟು ನೀರಿನಿಂದ ತೊಳೆಯುತ್ತಾರೆ ಎಂಬ ಸಂಗತಿಯಲ್ಲಿ ಆ ಸೀಮೆಯ ಮಣ್ಣು, ಮಳೆ, ಹಬ್ಬ, ದುಡಿಮೆ ಇವೆಲ್ಲವೂ ಸೇರಿಕೊಂಡಿರುತ್ತವೆ. ಆದುದರಿಂದ ಈ ಸಾಮಾನ್ಯ ಕೆಲಸವನ್ನು ಒಂದಿಷ್ಟು ಕ್ರಮವಾಗಿ ಪರಿಶೀಲಿಸುವುದು ಅಪ್ರಸ್ತುತವಾಗಲಾರದೆಂದು ನಾವು ಭಾವಿಸುತ್ತೇವೆ.

ನಮ್ಮ ವಿವೇಚನೆಗೆ ಆಧಾರವಾಗಿ ಎಕ್ಕಂಬಿಯನ್ನು ಆರಿಸಿಕೊಂಡಿದ್ದೇವೆ. ಇದು ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲೂಕಿನಲ್ಲಿ, ಶಿರಸಿಯಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿರುವ ಊರು. ಪಡುವಣದ ದಟ್ಟ ಮಲೆನಾಡು ಕ್ರಮೇಣ ತೆಳುವಾಗಿ ಬಯಲುಸೀಮೆಯತ್ತ ಸಾಗುವ ಸೆರಗಿನಲ್ಲಿ ಇದು ಇದೆ. ಬೇಸಿಗೆಯಲ್ಲಿ ಇಲ್ಲಿಯ ಕಾರುಗಳ ಮೇಲೆ ಕೆಂಧೂಳು ಕೂಡುತ್ತದೆ. ಮಳೆಗಾಲದಲ್ಲಿ ಅದೇ ಧೂಳು ಕೆಸರಾಗಿ ಗಾಲಿಯ ಮೇಲಣ ಕಮಾನುಗಳಲ್ಲಿ ಮೆತ್ತಿಕೊಳ್ಳುತ್ತದೆ. ಈ ಧೂಳನ್ನು ಕಾರಿನ ಬಣ್ಣಕ್ಕೆ ಕೇಡಾಗದಂತೆ ತೆಗೆಯುವುದು ಹೇಗೆ, ಅದಕ್ಕೆ ಎಷ್ಟು ಕಡಿಮೆ ನೀರು ಸಾಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ವಾಹನಶುದ್ಧಿಯ ಹಿನ್ನೆಲೆ

ಕನ್ನಡ ನಾಡಿನಲ್ಲಿ ವಾಹನವನ್ನು ತೊಳೆಯುವುದು ಮೋಟಾರಿಗಿಂತ ಬಹಳ ಹಿಂದಿನ ಆಚಾರ. ಮಲೆನಾಡಿನ ದೀಪಾವಳಿಯಲ್ಲಿ ದನಕರುಗಳ ಮೈತೊಳೆದು, ಕೆಮ್ಮಣ್ಣು ಸುಣ್ಣಗಳ ಅಚ್ಚೊತ್ತಿ, ಅಡಿಕೆ ಸಿಂಗಾರಗಳ ಮಾಲೆ ಕಟ್ಟುತ್ತಾರೆ. ಗಾಡಿ ಎಳೆಯುವ ಎತ್ತಿಗೆ ವರ್ಷಕ್ಕೊಮ್ಮೆ ಸಲ್ಲುವ ಈ ಮರ್ಯಾದೆ ಇಂದು ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಕಾರಿಗೂ ಸಲ್ಲುತ್ತಿದೆ. ಕ್ರಿ. ಶ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಮಹಾನವಮಿಯ ಕಾಲದಲ್ಲಿ ಅರಸನ ಕುದುರೆ ಆನೆಗಳನ್ನು ಸಿಂಗರಿಸಿ ಪೂಜಿಸುತ್ತಿದ್ದುದನ್ನು ವರ್ಣಿಸಿದ್ದಾನೆ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಈ ಉತ್ಸವವನ್ನು ಮುಂದುವರಿಸಿದರು. ಮೈಸೂರು ಅರಮನೆಯ ಆಯುಧಪೂಜೆಯಲ್ಲಿ ಇಂದಿಗೂ ಆನೆ, ಕುದುರೆ, ಪಲ್ಲಕ್ಕಿಗಳೊಡನೆ ಮೋಟಾರು ಗಾಡಿಗಳಿಗೂ ಪೂಜೆಯಾಗುತ್ತದೆ.

ಈ ಆಚಾರದಲ್ಲಿ ಗೌರವವಿದೆ. ಅದರೊಡನೆ ಒಂದು ದೋಷವೂ ಇದೆ. ಹಬ್ಬದ ದಿನ ಕಾರಿಗೆ ಬಿಂದಿಗೆಗಟ್ಟಲೆ ನೀರು ಸುರಿದು, ಕೈಗೆ ಸಿಕ್ಕ ಬಟ್ಟೆಯಿಂದ ಬಲವಾಗಿ ಉಜ್ಜಿ, ಉಳಿದ ದಿನಗಳಲ್ಲಿ ಅದನ್ನು ಮರೆತುಬಿಡುವುದು ನಮ್ಮಲ್ಲಿ ಹಲವರ ರೂಢಿ. ಎತ್ತಿನ ಮೈ ಮತ್ತೆ ರೋಮ ಬೆಳೆಸಿಕೊಳ್ಳುತ್ತದೆ. ಕಾರಿನ ಬಣ್ಣಕ್ಕೆ ಆ ಶಕ್ತಿಯಿಲ್ಲ.

೨. ಧೂಳಿನ ಸ್ವರೂಪ

ಎಕ್ಕಂಬಿಯ ಸುತ್ತಣ ನೆಲದ ಕೆಂಪಿಗೆ ಕಾರಣ ಜಂಬಿಟ್ಟಿಗೆ ಜಾತಿಯ ಮಣ್ಣು. ಇದೇ ಬಗೆಯ ಶಿಲೆಗೆ 'ಲ್ಯಾಟರೈಟ್' ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ತರುವಾಯ ಕಂಪನಿ ಸರಕಾರದ ಅಪ್ಪಣೆಯಂತೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಈತ ೧೮೦೧ರಲ್ಲಿ ಸೋಂದೆ, ಶಿರಸಿ, ಬನವಾಸಿಗಳನ್ನು ಹಾದುಹೋದನು. ಅವನ ಪ್ರವಾಸಗ್ರಂಥ ೧೮೦೭ರಲ್ಲಿ ಪ್ರಕಟವಾಯಿತು. ಮಲಬಾರಿನ ಅಂಗಾಡಿಪುರದಲ್ಲಿ ಜನರು ಈ ಕಲ್ಲನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ನೋಡಿ, ಲ್ಯಾಟಿನಿನಲ್ಲಿ ಇಟ್ಟಿಗೆ ಎಂಬ ಅರ್ಥವುಳ್ಳ ಪದದಿಂದ ಅವನು ಈ ಹೆಸರನ್ನು ರೂಪಿಸಿದನು.

ಬಹುದೀರ್ಘ ಕಾಲದ ಮಳೆ ಬಿಸಿಲುಗಳಿಂದ ಮೂಲಶಿಲೆ ಕರಗಿ, ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ಆಕ್ಸೈಡುಗಳು ಉಳಿದುದರಿಂದ ಜಂಬಿಟ್ಟಿಗೆ ಆಯಿತು. ಅದರೊಡನೆ ಬೆಣಚುಕಲ್ಲಿನ ಸೂಕ್ಷ್ಮ ಹರಳುಗಳೂ ಬೆರೆತಿರುತ್ತವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಂಡದಲ್ಲಿ ಬೆಣಚುಕಲ್ಲಿನ ಸ್ಥಾನ ೭. ಕೆಂಪು ಬಣ್ಣವನ್ನು ಕೊಡುವ ಹೆಮಟೈಟಿನದು ಸುಮಾರು ೫ರಿಂದ ೬. ಕಾರಿನ ಬಣ್ಣ ಇವೆರಡಕ್ಕಿಂತಲೂ ಬಹಳ ಮೆದು. ಹೀಗಿರುವಾಗ ಒಣಬಟ್ಟೆಯಿಂದ ಧೂಳನ್ನು ಒರೆಸುವುದೆಂದರೆ ಮರಳುಕಾಗದದಿಂದ ಉಜ್ಜುವ ಕೆಲಸವೇ ಸರಿ. ಬಿಸಿಲಿನಲ್ಲಿ ನಿಂತ ಕಪ್ಪು ಕಾರಿನ ಮೇಲೆ ಜೇಡರಬಲೆಯಂತೆ ಕಾಣುವ ಗೆರೆಗಳು ರಸ್ತೆಯಲ್ಲಿ ಹುಟ್ಟಿದವಲ್ಲ; ಅವುಗಳಲ್ಲಿ ಬಹುಪಾಲು ಒಡೆಯನ ಕೈಯಿಂದಲೇ ಆದವು. ನಾವೂ ಮೊದಲ ಎರಡು ವರ್ಷ ನಮ್ಮ ಕಾರನ್ನು ಪ್ರತಿ ಮುಂಜಾನೆ ಒಣಬಟ್ಟೆಯಿಂದ ಒರೆಸಿ, ಅದನ್ನು ಚೊಕ್ಕಟತನವೆಂದೇ ತಿಳಿದಿದ್ದೆವು.

೩. ಬಣ್ಣದ ಪದರಗಳು

ಕುದುರೆ ಸಾರೋಟುಗಳ ಕಾಲದಲ್ಲಿಯೂ ಮೋಟಾರಿನ ಆರಂಭದ ದಿನಗಳಲ್ಲಿಯೂ ಬಣ್ಣವನ್ನು ಮೆರುಗೆಣ್ಣೆಯೊಡನೆ ಕುಂಚದಿಂದ ಹಲವು ಸಲ ಬಳಿದು ಒಣಗಿಸಬೇಕಾಗಿತ್ತು. ಅದಕ್ಕೆ ವಾರಗಳೇ ಹಿಡಿಯುತ್ತಿದ್ದವು. ೧೯೨೩ರಲ್ಲಿ ಅಮೇರಿಕದ ಜನರಲ್ ಮೋಟರ್ಸ್ ಸಂಸ್ಥೆ ಓಕ್ಲಂಡ್ ಕಾರುಗಳಿಗೆ 'ಡ್ಯೂಕೋ' ಎಂಬ ಬೇಗ ಒಣಗುವ ಲ್ಯಾಕರನ್ನು ಬಳಸಿದ ಮೇಲೆ ಈ ಕಷ್ಟ ಕಳೆಯಿತು. ನಮ್ಮ ದೇಶದಲ್ಲಿ ೧೯೫೭ರಿಂದ ೨೦೧೪ರ ವರೆಗೆ ತಯಾರಾದ ಅಂಬಾಸಿಡರ್ ಕಾರನ್ನು ಹಿರಿಯ ವಾಚಕರು ಬಲ್ಲರು. ಹಳೆಯ ಕಾಲದ ಆ ಕಾರುಗಳಿಗೆ ಪಾಲಿಷ್ ಹಾಕಿ ಉಜ್ಜಿದರೆ ಕಾರಿನ ಬಣ್ಣವೇ ಬಟ್ಟೆಗೆ ಹತ್ತುತ್ತಿತ್ತು. ಬಣ್ಣ ಸವೆಯುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು.

ಇಂದಿನ ಕಾರಿನ ರಚನೆ ಬೇರೆ. ತಗಡಿನ ಮೇಲೆ ತುಕ್ಕುನಿರೋಧಕವಾದ ಅಡಿಬಣ್ಣ, ಅದರ ಮೇಲೆ ಸಮಗೊಳಿಸುವ ಪದರ, ಆ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ನಿರ್ವರ್ಣವಾದ ಪಾರದರ್ಶಕ ಪದರ ಹೀಗೆ ನಾಲ್ಕು ಹಂತಗಳಿವೆ. ಇವೆಲ್ಲವೂ ಕೂಡಿ ಸುಮಾರು ೧೦೦ರಿಂದ ೧೫೦ ಮೈಕ್ರಾನ್, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ದಪ್ಪ. ಮೇಲಣ ಪಾರದರ್ಶಕ ಪದರ ಮಾತ್ರ ಸುಮಾರು ೪೦ರಿಂದ ೫೦ ಮೈಕ್ರಾನ್. ಮನುಷ್ಯನ ತಲೆಗೂದಲಿಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವುದು ಈ ಪದರವೇ. ಇದು ಸವೆದಾಗ ಬಟ್ಟೆಗೆ ಯಾವ ಬಣ್ಣವೂ ಹತ್ತುವುದಿಲ್ಲ. ಆದುದರಿಂದ ಏನೂ ನಷ್ಟವಾಗಿಲ್ಲವೆಂದು ನಾವು ನಂಬುತ್ತೇವೆ. ನಷ್ಟವಾದುದು ತಿಳಿಯುವುದು ವರ್ಷಗಳ ಮೇಲೆ, ಮೇಲ್ಛಾವಣಿ ಬಿಳಿಚಿ ಹೊಪ್ಪಳೆಯೇಳತೊಡಗಿದಾಗ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಹೋಲಿಕೆ ಸಹಜವಾಗಿ ಹೊಳೆಯುವುದು. ಶಿರಸಿ ತಾಲೂಕಿನಲ್ಲಿಯೇ ಬನವಾಸಿಯ ಬಳಿಯ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಸ್ತಂಭಶಾಸನವಿದೆ. ಇಂಥ ಶಾಸನದ ಪಡಿಯಚ್ಚು ತೆಗೆಯುವ ಮೊದಲು ಕಲ್ಲನ್ನು ನೀರಿನಿಂದ ನೆನೆಸಿ, ಮೃದುವಾದ ಕುಂಚದಿಂದ ಮಣ್ಣು ಪಾಚಿಗಳನ್ನು ಬಿಡಿಸುತ್ತಾರೆ. ಕಬ್ಬಿಣದ ಮೊಳೆಯಿಂದ ಕೆರೆದರೆ ಪಾಚಿಯೊಡನೆ ಅಕ್ಷರವೂ ಹೋಗುತ್ತದೆ. ಅನ್ಯವಸ್ತುವನ್ನು ಮಾತ್ರ ತೆಗೆದು ಮೂಲವನ್ನು ಉಳಿಸುವುದೇ ಶುದ್ಧಿಯ ತತ್ತ್ವ. ಕಾರಿನ ವಿಷಯದಲ್ಲಿಯೂ ಇದಕ್ಕಿಂತ ಬೇರೆಯಾದ ತತ್ತ್ವವಿಲ್ಲ.

೪. ನೀರಿನ ಲೆಕ್ಕ

ನಲ್ಲಿಗೆ ಸಿಕ್ಕಿಸಿದ ಕೊಳವೆಯಿಂದ ನಿಮಿಷಕ್ಕೆ ೧೦ ಲೀಟರು ನೀರು ಬರುವುದೆಂದು ಇಟ್ಟುಕೊಂಡರೆ, ಅರ್ಧ ಗಂಟೆ ಹರಿಯಬಿಟ್ಟಾಗ ೩೦೦ ಲೀಟರು ಖರ್ಚಾಗುವುದು. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಗ್ರಾಮವಾಸಿಯೊಬ್ಬನಿಗೆ ದಿನಕ್ಕೆ ೫೫ ಲೀಟರು ನೀರು ದೊರೆಯಬೇಕೆಂದು ಗೊತ್ತುಪಡಿಸಿತು. ಎಂದರೆ ಒಂದು ಕಾರಿನ ಸ್ನಾನಕ್ಕೆ ಒಬ್ಬ ಮನುಷ್ಯನ ಐದು ದಿನಗಳ ನೀರು ಹೋಗುತ್ತದೆ. ಬೆಂಗಳೂರಿನ ಉದಾಹರಣೆ ಎಲ್ಲರಿಗೂ ತಿಳಿದದ್ದೇ. ಸುಮಾರು ೧೦೦ ಕಿಲೋಮೀಟರು ದೂರದಿಂದ ಕಾವೇರಿಯ ನೀರನ್ನು ತರುವ ಆ ನಗರದಲ್ಲಿ ೨೦೨೪ರ ಮಾರ್ಚಿಯಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ ೫,೦೦೦ ರೂಪಾಯಿ ದಂಡವನ್ನು ಗೊತ್ತುಮಾಡಿತು.

ಮಲೆನಾಡಿನವರಿಗೆ ಈ ಚಿಂತೆ ಬೇಡವೆಂದು ಹೇಳುವಂತಿಲ್ಲ. ಚೈತ್ರ ವೈಶಾಖಗಳಲ್ಲಿ ಬಾವಿಯ ಹಗ್ಗ ಎಷ್ಟು ಕೆಳಗಿಳಿಯುತ್ತದೆಂಬುದನ್ನು ನೀರು ಸೇದುವವರು ಬಲ್ಲರು. ಕೆಂಧೂಳು ಅತಿಯಾಗಿ ಕೂಡುವುದೂ ಅದೇ ತಿಂಗಳುಗಳಲ್ಲಿ. ಮೇಲಾಗಿ ಕಾರು ತೊಳೆದ ನೀರು ಎಲ್ಲಿಗೆ ಹೋಗುವುದೆಂಬ ಪ್ರಶ್ನೆಯೂ ಇದೆ. ಶಿರಸಿ ತಾಲೂಕು ಜಲವಿಭಜಕದ ಮೇಲೆ ಕುಳಿತಿದೆ. ಪಡುವಣ ಭಾಗದ ನೀರು ಅಘನಾಶಿನಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋದರೆ, ಮೂಡಣ ಭಾಗದ ನೀರು ವರದೆಯ ಮೂಲಕ ತುಂಗಭದ್ರೆ ಕೃಷ್ಣೆಗಳನ್ನು ಕೂಡಿ ಬಂಗಾಳ ಕೊಲ್ಲಿಗೆ ಸಾಗುತ್ತದೆ. ಕಾರನ್ನು ಹಳ್ಳಕ್ಕೋ ಕೆರೆಯ ಅಂಚಿಗೋ ಇಳಿಸಿ ತೊಳೆಯುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಯಂತ್ರದ ಎಣ್ಣೆ, ಬ್ರೇಕಿನ ಪುಡಿ, ಸಾಬೂನಿನ ನೊರೆ ಇವು ಆಗ ನೇರವಾಗಿ ದನ ಕುಡಿಯುವ, ಬಟ್ಟೆ ಒಗೆಯುವ ನೀರಿಗೆ ಸೇರುತ್ತವೆ. ಅಂಗಳದ ಹುಲ್ಲುನೆಲದ ಮೇಲೆ, ಬಾವಿಯಿಂದ ದೂರದಲ್ಲಿ ತೊಳೆದರೆ ಮಣ್ಣು ಅದರಲ್ಲಿ ಬಹುಭಾಗವನ್ನು ಹಿಡಿದಿಟ್ಟುಕೊಳ್ಳುವುದು.

೫. ತೊಳೆಯುವ ಕ್ರಮ

ಈ ಮೇಲಣ ವಿಚಾರಗಳಿಂದ ಕ್ರಮವು ತಾನಾಗಿಯೇ ಒದಗುತ್ತದೆ. ಬೇಕಾದ ಸಾಮಗ್ರಿ ಹೆಚ್ಚಿನದಲ್ಲ: ಎರಡು ಬಕೀಟು, ಗಿಡಗಳಿಗೆ ನೀರೆರೆಯುವ ಒಂದು ಝಾರಿ, ಸೂಕ್ಷ್ಮ ನೂಲಿನ ಮೈಕ್ರೋಫೈಬರ್ ಬಟ್ಟೆಗಳು ನಾಲ್ಕು, ಗಾಲಿಗಾಗಿಯೇ ಬೇರೆಯಾದ ಒಂದು ಕುಂಚ, ಕಾರಿಗೆಂದೇ ತಯಾರಾದ ಸೌಮ್ಯ ಶಾಂಪೂ. ಪಾತ್ರೆ ತೊಳೆಯುವ ಸಾಬೂನು ಜಿಡ್ಡನ್ನು ತೆಗೆಯುವಂತೆ ಕಾರಿನ ಮೇಲಣ ಮೇಣವನ್ನೂ ತೆಗೆಯುವುದರಿಂದ ಅದು ಸಲ್ಲದು. ನಮ್ಮ ಹಿರಿಯರು ರೇಷ್ಮೆಬಟ್ಟೆ ಒಗೆಯಲು ಬಳಸುತ್ತಿದ್ದ ಅಂಟುವಾಳಕಾಯಿಯ ನೊರೆಯೂ ಸೌಮ್ಯವಾದುದೇ. ಅದರಲ್ಲಿರುವ ಸಪೋನಿನ್ ಎಂಬ ದ್ರವ್ಯ ಧೂಳನ್ನು ನೀರಿನಲ್ಲಿ ತೇಲಿಸುತ್ತದೆ. ಆದರೆ ಕಾಯಿಯ ಸಿಪ್ಪೆಯ ಚೂರುಗಳು ಉಳಿಯದಂತೆ ಅದನ್ನು ಚೆನ್ನಾಗಿ ಸೋಸಬೇಕು.

ಮೊದಲನೆಯದಾಗಿ, ಕಾರು ನೆರಳಿನಲ್ಲಿರಬೇಕು. ಅದರ ಮೈ ತಣ್ಣಗಿರಬೇಕು. ಬಿಸಿ ತಗಡಿನ ಮೇಲೆ ನೀರು ಒಡನೆಯೇ ಆರಿ, ಅದರಲ್ಲಿದ್ದ ಲವಣ ವರ್ತುಲಾಕಾರದ ಕಲೆಯಾಗಿ ಉಳಿಯುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ಗಡಸುನೀರಿನಲ್ಲಿ ಈ ತೊಂದರೆ ಹೆಚ್ಚು. ಎರಡನೆಯದಾಗಿ, ಗಾಲಿಗಳನ್ನು ಮೊದಲು ತೊಳೆಯಬೇಕು. ಅಲ್ಲಿಯ ಕೊಳೆ ಅತ್ಯಂತ ಒರಟಾದುದು. ಆ ಕುಂಚವನ್ನೂ ಆ ನೀರನ್ನೂ ಮತ್ತೆ ಕಾರಿನ ಮೈಗೆ ತಾಗಿಸಕೂಡದು. ಮೂರನೆಯದಾಗಿ, ಝಾರಿಯಿಂದ ಮೇಲ್ಛಾವಣಿಯಿಂದ ಕೆಳಕ್ಕೆ ನೀರೆರೆದು ಎರಡು ನಿಮಿಷ ನೆನೆಯಬಿಡಬೇಕು. ಸಡಿಲವಾದ ಧೂಳೆಲ್ಲ ಕೈತಾಗದೆಯೇ ಇಳಿದುಹೋಗುವುದು. ಇಡೀ ಕ್ರಮದಲ್ಲಿ ಅತ್ಯಂತ ಮುಖ್ಯವಾದ ಹಂತ ಇದು. ಜನರು ಸಾಮಾನ್ಯವಾಗಿ ಬಿಟ್ಟುಬಿಡುವುದೂ ಇದನ್ನೇ.

ನಾಲ್ಕನೆಯದಾಗಿ, ಒಂದು ಬಕೀಟಿನಲ್ಲಿ ಶಾಂಪೂ ನೀರನ್ನೂ ಇನ್ನೊಂದರಲ್ಲಿ ಬರಿಯ ನೀರನ್ನೂ ಇಟ್ಟುಕೊಳ್ಳಬೇಕು. ಶಾಂಪೂ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಭಾಗವನ್ನು ಒರೆಸಿದ ಮೇಲೆ, ಆ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿ ಹಿಂಡಿ, ಅನಂತರವೇ ಮತ್ತೆ ಶಾಂಪೂವಿನಲ್ಲಿ ಅದ್ದಬೇಕು. ಹೀಗೆ ಮಾಡಿದರೆ ಹರಳುಗಳು ಎರಡನೆಯ ಬಕೀಟಿನ ತಳದಲ್ಲಿ ಉಳಿಯುತ್ತವೆ. ನಗರಗಳಲ್ಲಿ ನಸುಕಿನಲ್ಲಿ ಬಂದು ಒಂದೇ ಬಕೀಟು, ಒಂದೇ ಬಟ್ಟೆಯಿಂದ ಹತ್ತಾರು ಕಾರುಗಳನ್ನು ಒರೆಸುವ ಕೆಲಸಗಾರರನ್ನು ನಾವು ಕಾಣುತ್ತೇವೆ. ಮೊದಲ ಕಾರಿನ ಮರಳು ಕಡೆಯ ಕಾರಿನವರೆಗೂ ಪ್ರಯಾಣ ಮಾಡುವುದು. ತಪ್ಪು ಆ ಕೆಲಸಗಾರನದಲ್ಲ. ಎರಡನೆಯ ಬಕೀಟು ನೀರನ್ನೂ ಹೆಚ್ಚಿನ ಹತ್ತು ನಿಮಿಷದ ಕೂಲಿಯನ್ನೂ ಕೊಡದ ನಮ್ಮದು.

ಒರೆಸುವ ಕೈ ಮೇಲಿನಿಂದ ಕೆಳಕ್ಕೆ, ನೇರವಾಗಿ, ಹಗುರವಾಗಿ ಸಾಗಬೇಕು. ಸುತ್ತುಸುತ್ತಾಗಿ ತಿರುವಿದರೆ ಆಗುವ ಗೀರುಗಳು ಯಾವ ಕಡೆಯ ಬೆಳಕಿಗೂ ಹೊಳೆದು ಕಣ್ಣಿಗೆ ಹೊಡೆಯುತ್ತವೆ. ಬಟ್ಟೆ ನೆಲಕ್ಕೆ ಬಿದ್ದರೆ ಅದನ್ನು ಮತ್ತೆ ಬಳಸಕೂಡದು. ಕಡೆಯಲ್ಲಿ ಝಾರಿಯಿಂದ ನೊರೆಯನ್ನು ಇಳಿಸಿ, ಒಣಗಿದ ಬಟ್ಟೆಯನ್ನು ಒತ್ತಿ ನೀರನ್ನು ಹೀರಿಸಬೇಕು. ಗಾಲಿಗಳಿಗೆ ೫, ಮೊದಲು ನೆನೆಸಲು ೧೫, ಎರಡು ಬಕೀಟುಗಳಿಗೆ ೨೦, ಕಡೆಗೆ ೨೦ ಹೀಗೆ ಒಟ್ಟು ೬೦ ಲೀಟರು, ಎಂದರೆ ಐದಾರು ಕೊಡ ನೀರು ಸಾಕಾಗುವುದು. ತೊಳೆದ ಮೇಲೆ ಬ್ರೇಕುಗಳು ಒದ್ದೆಯಾಗಿರುವುದರಿಂದ, ರಸ್ತೆಗೆ ಇಳಿಯುವ ಮೊದಲು ನಿಧಾನವಾಗಿ ಚಲಿಸಿ ಎರಡು ಮೂರು ಸಲ ಬ್ರೇಕು ಒತ್ತಿ ನೋಡತಕ್ಕದ್ದು.

೬. ಕಲೆಗಳು ಮತ್ತು ಮೇಣ

ಹಲಸಿನ ಅಥವಾ ಮಾವಿನ ಮರದಡಿಯಲ್ಲಿ ನಿಂತ ಕಾರಿನ ಮೇಲೆ ಸೊನೆ ಬೀಳುವುದುಂಟು. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುವುದು ಪ್ರತಿ ಮನೆಯ ಜ್ಞಾನ. ಅದೇ ಎಣ್ಣೆಯನ್ನು ಕಲೆಯ ಮೇಲೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಅಂಟು ಮೆದುವಾಗುವುದು. ಅನಂತರ ಶಾಂಪೂ ನೀರಿನಿಂದ ಎಣ್ಣೆಯನ್ನು ತೆಗೆಯಬೇಕು. ರಸ್ತೆಯ ಡಾಂಬರಿನ ಚುಕ್ಕೆಗಳಿಗೂ ಈ ಉಪಾಯ ಸ್ವಲ್ಪಮಟ್ಟಿಗೆ ಸಲ್ಲುತ್ತದೆ. ಹಕ್ಕಿಗಳ ಹಿಕ್ಕೆ ಆಮ್ಲಗುಣವುಳ್ಳದ್ದು. ಬಿಸಿಲಿಗೆ ಅದು ಪಾರದರ್ಶಕ ಪದರವನ್ನು ಕೊರೆಯುತ್ತದೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹಾಸಿ, ನೆನೆದ ಮೇಲೆ ಎತ್ತಿ ತೆಗೆಯಬೇಕು. ಕುಮಟೆಯ ಕಡಲತೀರಕ್ಕೆ ಹೋಗಿ ಬಂದ ಕಾರನ್ನು ತಡಮಾಡದೆ ತೊಳೆಯುವುದು ಒಳ್ಳೆಯದು. ಉಪ್ಪು ತುಕ್ಕಿನ ವೇಗವನ್ನು ಹೆಚ್ಚಿಸುತ್ತದೆ.

ಇತ್ತೀಚೆಗೆ 'ಡಿಟೇಲಿಂಗ್' ಎಂಬ ಹೆಸರಿನಲ್ಲಿ ನಗರಗಳಲ್ಲಿ ನಡೆಯುವ ಕೆಲಸದಲ್ಲಿ ಎರಡು ಭಿನ್ನ ಕ್ರಿಯೆಗಳು ಸೇರಿಕೊಂಡಿವೆ. ಪಾಲಿಷ್ ಎಂಬುದು ಗೀರಿನ ಆಳದವರೆಗೆ ಸುತ್ತಣ ಪದರವನ್ನು ಸವೆಯಿಸಿ ಸಮಮಾಡುವ ಕ್ರಿಯೆ. ಮೇಣ ಹಚ್ಚುವುದು ಅದಕ್ಕೆ ವಿರುದ್ಧವಾಗಿ ಒಂದು ತೆಳು ಪದರವನ್ನು ಕೂಡಿಸುವ ಕ್ರಿಯೆ. ಮೊದಲನೆಯದು ಬಂಡವಾಳವನ್ನು ಕರಗಿಸುತ್ತದೆ. ಎರಡನೆಯದು ಅದನ್ನು ಕಾಯುತ್ತದೆ. ಆದುದರಿಂದ ಪಾಲಿಷನ್ನು ಅಪರೂಪಕ್ಕೆ, ಮೇಣವನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬಳಸುವುದು ಯುಕ್ತ. ಪ್ರಸಿದ್ಧವಾದ ಕರ್ನೌಬ ಮೇಣ ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ಬರುವುದು. ನಮ್ಮ ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಮುತ್ತಾಗಿ ಉರುಳುವುದಕ್ಕೂ ಮೇಣವೇ ಕಾರಣ. ನೀರು ಹಾಗೆ ಉರುಳಿದಾಗ ಅದರೊಡನೆ ಧೂಳೂ ಹೋಗುವುದರಿಂದ ಮುಂದಿನ ಸಲ ತೊಳೆಯುವ ಶ್ರಮವೂ ನೀರೂ ಉಳಿಯುತ್ತವೆ.

೭. ಮಳೆಗಾಲದ ಎಚ್ಚರ

ಮಳೆಗಾಲದಲ್ಲಿ ಕಾರು ತಾನೇ ತೊಳೆದುಕೊಳ್ಳುತ್ತದೆಂಬ ನಂಬಿಕೆ ಸರಿಯಲ್ಲ. ಗಾಲಿಯ ಕಮಾನುಗಳ ಒಳಗೆ ಮೆತ್ತಿದ ಕೆಸರು ತಿಂಗಳುಗಟ್ಟಲೆ ತೇವವನ್ನು ಹಿಡಿದಿಟ್ಟು ತಗಡನ್ನು ತಿನ್ನುತ್ತದೆ. ಮುಂಗಾಜಿನ ಬುಡದಲ್ಲಿ ಕೂಡಿದ ಎಲೆಗಳು ನೀರು ಹರಿಯುವ ರಂಧ್ರಗಳನ್ನು ಮುಚ್ಚಿದರೆ ನೀರು ಒಳಕ್ಕೆ ಇಳಿಯುವುದುಂಟು. ಬಾಗಿಲುಗಳ ತಳದ ಸಣ್ಣ ರಂಧ್ರಗಳನ್ನೂ ಕಡ್ಡಿಯಿಂದ ಬಿಡಿಸಿಡಬೇಕು. ಯಂತ್ರದ ಭಾಗಕ್ಕೆ ನೀರು ಎರಚಕೂಡದು. ವಿದ್ಯುತ್ ತಂತಿಗಳ ಜೋಡಣೆಗಳು ಅಲ್ಲಿವೆ. ಎಲೆ ಕಸವನ್ನು ಕೈಯಿಂದ ತೆಗೆದರೆ ಇಲಿ ಗೂಡು ಕಟ್ಟುವುದೂ ಕಡಿಮೆಯಾಗುವುದು.

ಒಳಭಾಗದಲ್ಲಿ ಮಲೆನಾಡಿನ ವೈರಿ ಬೂಷ್ಟು. ಒದ್ದೆ ಕೊಡೆ, ಕಂಬಳಿ, ಕೆಸರಿನ ಪಾದರಕ್ಷೆಗಳಿಂದ ಬಂದ ತೇವ ಕಾಲುಹಾಸಿನ ಅಡಿಯಲ್ಲಿ ಉಳಿದರೆ ವಾರದೊಳಗೆ ಸೀಟಿನ ಮೇಲೆ ಬಿಳಿಯ ಪದರ ಕಾಣಿಸಿಕೊಳ್ಳುವುದು. ಬಿಸಿಲು ಬಿದ್ದ ದಿನ ಕಾಲುಹಾಸುಗಳನ್ನು ಹೊರಗೆ ಹರಡಿ, ನಾಲ್ಕು ಬಾಗಿಲುಗಳನ್ನೂ ತೆರೆದಿಡುವುದೇ ಇದಕ್ಕೆ ಮುಖ್ಯ ಮದ್ದು. ಮಳೆಗಾಲ ಒಂದು ಅನುಕೂಲವನ್ನೂ ಒದಗಿಸುತ್ತದೆ. ೧೦೦ ಚದರ ಮೀಟರಿನ ಮಾಡಿನ ಮೇಲೆ ೧೦ ಮಿಲಿಮೀಟರು ಮಳೆಯಾದರೆ ಸೂರಿನಿಂದ ೧,೦೦೦ ಲೀಟರು ನೀರು ಇಳಿಯುವುದು. ಅದನ್ನು ಪೀಪಾಯಿಯಲ್ಲಿ ಹಿಡಿದಿಟ್ಟರೆ ಬಾವಿಯನ್ನು ಮುಟ್ಟದೆಯೇ ಕಾರಿನ ಕೆಲಸ ಸಾಗುವುದು. ಲವಣರಹಿತವಾದ ಆ ನೀರು ಕಲೆಯನ್ನೂ ಉಳಿಸದು.

೮. ಉಪಸಂಹಾರ

ಮೇಲಣ ವಿವೇಚನೆಯಿಂದ ಎರಡು ಮಾತುಗಳು ಸಿದ್ಧವಾಗುತ್ತವೆ. ಕಾರಿನ ಮೈ ಕೆಡುವುದು ಧೂಳು ಕೂಡುವುದರಿಂದ ಅಷ್ಟಾಗಿ ಅಲ್ಲ, ಅದನ್ನು ಅವಸರದಿಂದ ಉಜ್ಜುವುದರಿಂದ. ನೀರು ಪೋಲಾಗುವುದು ಕಾರು ದೊಡ್ಡದಾದುದರಿಂದ ಅಲ್ಲ, ತೊಳೆಯುವ ಕ್ರಮವಿಲ್ಲದುದರಿಂದ. ತಾಳ್ಮೆಯಿಂದ ನೆನೆಸಿದವನಿಗೆ ಐದಾರು ಕೊಡ ನೀರು ಸಾಕು. ತಾಳ್ಮೆಯಿಲ್ಲದವನಿಗೆ ಹಳ್ಳದ ನೀರೂ ಸಾಲದು. ವೈಶಾಖದಲ್ಲಿ ಬಾವಿಯ ತಳದಿಂದ ಒಂದೊಂದು ಕೊಡವನ್ನೂ ಸೇದಿ ತರುವ ಮನೆಯಲ್ಲಿ ಈ ಲೆಕ್ಕ ಅಲ್ಪವಾದುದಲ್ಲ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ವಾಹನ ತೊಳೆಯುವ ಸ್ಥಳ, ಕಾಲ, ನೀರಿನ ಪ್ರಮಾಣಗಳನ್ನು ಗಮನಿಸಿ ಬರೆದಿಟ್ಟರೆ, ನಮ್ಮ ಕಾಲದ ಜನಜೀವನವನ್ನು ಮುಂದೆ ಅಭ್ಯಾಸ ಮಾಡುವವರಿಗೆ ಅದು ಉಪಯುಕ್ತವಾದ ಸಾಮಗ್ರಿಯಾಗುವುದರಲ್ಲಿ ಸಂದೇಹವಿಲ್ಲ.